ಒಂದು ಗುಡ್ಡ, ಮೂರು ಮಿಕ್ಸ್: ಓಲ್ಡ್‌ಫೀಲ್ಡ್‌ನ ಎರಡನೆಯ ಆಲ್ಬಂ ಬಗ್ಗೆ ಹಾಸನದಿಂದ ಬಂದ ಜಗಳ

ಪ್ರಶ್ನೆ: ಹಾಸನದಲ್ಲಿ ನಾವು ಆರು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಸೇರಿ, ಒಂದು ಆಲ್ಬಂ ಪೂರ್ತಿ, ಮಧ್ಯೆ ಮಾತಾಡದೆ ಕೇಳುತ್ತೇವೆ. ಹೋದ ತಿಂಗಳು ಇಂಗ್ಲೆಂಡಿನ ಸಂಗೀತಗಾರ ಮೈಕ್ ಓಲ್ಡ್‌ಫೀಲ್ಡ್‌ನ ಎರಡನೆಯ ಆಲ್ಬಂ ‘ಹರ್ಜೆಸ್ಟ್ ರಿಡ್ಜ್’ ಹಾಕಿದೆವು. ಗೆಳೆಯನೊಬ್ಬ ಮೂಡಿಗೆರೆ ಕಡೆ ಇರುವ ದೊಡ್ಡಪ್ಪನ ತೋಟದ ಮನೆಯಿಂದ ಹಳೇ ಎಲ್‌ಪಿ ತಂದಿದ್ದ. ಉಳಿದವರು ಮೊದಲೇ ಫೋನಿನಲ್ಲಿ ಒಂದು ಸಲ ಕೇಳಿಕೊಂಡು ಬಂದಿದ್ದರು. ಮುಗಿದ ಮೇಲೆ ಜಗಳವೋ ಜಗಳ. ಒಬ್ಬ ‘ಮೊದಲನೆಯ ಆಲ್ಬಂ ಟ್ಯೂಬ್ಯುಲರ್ ಬೆಲ್ಸ್‌ನ ನಕಲು’ ಅಂದ. ಇನ್ನೊಬ್ಬ ‘ನಿದ್ದೆ ಬಂತು’ ಅಂದ. ‘ಎರಡನೇ ಬದಿಯ ಗಿಟಾರು ಬರೀ ಗದ್ದಲ’ ಎಂದ ಮತ್ತೊಬ್ಬ. ಒಬ್ಬಳು ಮಾತ್ರ ‘ಮೊದಲನೆಯದಕ್ಕಿಂತ ಇದೇ ಮೇಲು’ ಎಂದು ಪಟ್ಟು ಹಿಡಿದಳು. ಹಿಂದೆ ಬಾಗಿಲ ಪಕ್ಕದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ನಮ್ಮ ತಂದೆಯವರು ಕಚೇರಿ ಸಂಗೀತದ ಕಿವಿಯವರು. ಅವರು, ‘ಶ್ರುತಿ ಹಿಡಿದು ಮುಕ್ಕಾಲು ಗಂಟೆ ಆಲಾಪನೆ ಮಾಡಿ, ಕೃತಿಯನ್ನೇ ಹಾಡದೆ ಎದ್ದು ಹೋದ ಹಾಗಿದೆ’ ಅಂದರು. ನನ್ನದು ಬೇರೆಯೇ ಗೊಂದಲ. ಇದೇ ಆಲ್ಬಂನ ಸಿಡಿ ನನ್ನಲ್ಲಿದೆ, 2003ರಲ್ಲಿ ಕೊಂಡದ್ದು. ಎಲ್‌ಪಿಯಲ್ಲಿ ಕೇಳಿದ್ದು ಅದಲ್ಲವೇ ಅಲ್ಲ ಅನ್ನಿಸಿತು. ಇನ್ನೂ ಏನೇನೋ ವಾದ್ಯಗಳು ತುಂಬಿಕೊಂಡ ಹಾಗೆ. ಇದು ನನ್ನ ಕಿವಿಯ ಭ್ರಮೆಯೇ? ಇಷ್ಟು ಜನರಲ್ಲಿ ಯಾರು ಹೇಳಿದ್ದು ಸರಿ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಜಗಳದ ಅರ್ಧ ಗಂಟು ಅಲ್ಲೇ ಇದೆ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಎಲ್‌ಪಿಯಲ್ಲಿ ಇರುವುದು ಬೇರೆ, ನಿಮ್ಮ ಸಿಡಿಯಲ್ಲಿ ಇರುವುದು ಬೇರೆ. ನಿಮ್ಮ ಗೆಳೆಯರು ಫೋನಿನಲ್ಲಿ ಕೇಳಿದ್ದು ಮೂರನೆಯದೇ ಇರಬಹುದು. ಒಂದೇ ಹೆಸರಿನ ಮೂರು ಆಲ್ಬಂ ಕೇಳಿ ಬಂದವರು ಒಂದು ಕೋಣೆಯಲ್ಲಿ ಕೂತು ಕಿತ್ತಾಡಿದ್ದೀರಿ.

ಹೆಸರಿನ ಬಗ್ಗೆ ಒಂದು ಸಣ್ಣ ತಿದ್ದುಪಡಿ. ಅದು ಒಂದು ಗುಡ್ಡದ ಹೆಸರು, ಅಲ್ಲಿಯ ಊರಿನವರ ಬಾಯಲ್ಲಿ ಆ ಹೆಸರಿನಲ್ಲಿರುವುದು ‘ಜ’ ಅಲ್ಲ, ‘ಗ’. ಹಾಗಾಗಿ ಮುಂದೆ ನಾನು ಹರ್ಗೆಸ್ಟ್ ರಿಡ್ಜ್ ಎಂದೇ ಬರೆಯುತ್ತೇನೆ.

ಈ ಆಲ್ಬಂ ಮೊದಲು ಹೊರಬಂದದ್ದು 1974ರ ಆಗಸ್ಟ್ ಕೊನೆಯಲ್ಲಿ, ವರ್ಜಿನ್ ಕಂಪನಿಯಿಂದ. ಇಂಗ್ಲೆಂಡಿನ ಮೊದಲ ಪ್ರೆಸ್ಸಿಂಗಿನ ನಂಬರು ವಿ 2013. ಆಗಿನ ಮಿಕ್ಸ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ವಾದ್ಯಗಳನ್ನು ಒಂದುಗೂಡಿಸಿದ ರೀತಿ, ದಟ್ಟವಾದದ್ದು, ಪದರದ ಮೇಲೆ ಪದರ ಕೂತದ್ದು. ಎರಡು ವರ್ಷದ ನಂತರ, 1976ರಲ್ಲಿ, ಓಲ್ಡ್‌ಫೀಲ್ಡ್‌ನ ಮೊದಲ ಮೂರು ಆಲ್ಬಂಗಳನ್ನು ಸೇರಿಸಿ ‘ಬಾಕ್ಸ್ಡ್’ ಎಂಬ ಎಲ್‌ಪಿ ಪೆಟ್ಟಿಗೆ ಬಂತು. ಅದಕ್ಕಾಗಿ ಅವನು ಮೂಲ ಟೇಪುಗಳನ್ನು ತೆಗೆದು ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಪದ್ಧತಿಗೆ ಹೊಸದಾಗಿ ಮಿಕ್ಸ್ ಮಾಡಿದ. ಹರ್ಗೆಸ್ಟ್ ರಿಡ್ಜ್ ಅಲ್ಲಿ ತೆಳ್ಳಗಾಯಿತು. ಮುಂದಿದ್ದ ಕೆಲವು ವಾದ್ಯ ಹಿಂದೆ ಸರಿದವು, ಕೆಲವು ಪದರ ಕಾಣೆಯಾದವು. ಅವನಿಗೆ ಈ ತೆಳುವಾದದ್ದೇ ಹೆಚ್ಚು ಹಿಡಿಸಿತು. ಮುಂದೆ ಸಿಡಿ ಕಾಲ ಬಂದಾಗ ಅಚ್ಚಾದದ್ದೂ ಅದೇ. 1974ರ ಮೂಲ ಮಿಕ್ಸ್ ಸಿಡಿ ರೂಪದಲ್ಲಿ ಮತ್ತೆ ಸಿಕ್ಕಿದ್ದು 2010ರ ಮರುಬಿಡುಗಡೆಯಲ್ಲಿ. ಅದೂ ಎರಡನೆಯ ಡಿಸ್ಕಿನಲ್ಲಿ. ಮೊದಲ ಡಿಸ್ಕಿನಲ್ಲಿ 2010ರಲ್ಲೇ ಮಾಡಿದ ಇನ್ನೊಂದು ಹೊಸ ಸ್ಟೀರಿಯೊ ಮಿಕ್ಸ್ ಇತ್ತು. ನೀವು 2003ರಲ್ಲಿ ಕೊಂಡದ್ದು ಎಂದಿರಲ್ಲ, ಅದು 1976ರ ಮಿಕ್ಸ್. ದೊಡ್ಡಪ್ಪನ ಎಲ್‌ಪಿಯ ಬೆನ್ನ ಮೇಲೆ ವಿ 2013 ಇದ್ದು ತಟ್ಟೆ ಎಪ್ಪತ್ತನಾಲ್ಕರ ಆಸುಪಾಸಿನದಾಗಿದ್ದರೆ ಅದು ಮೂಲದ್ದು.

ಮಿಕ್ಸ್ ಬದಲಾದರೆ ಅಷ್ಟೆಲ್ಲ ವ್ಯತ್ಯಾಸ ಆಗುತ್ತದೆಯೇ ಎಂದು ಕೇಳುವವರಿಗೆ ನಾನು ಕೊಡುವ ಉದಾಹರಣೆ ಮದುವೆ ಮನೆಯ ಗುಂಪು ಫೋಟೋ. ನೆಂಟರು ಅವರೇ, ಸೀರೆ ಪಂಚೆ ಅವೇ. ಆದರೆ ಯಾರನ್ನು ಮುಂದಿನ ಸಾಲಿನಲ್ಲಿ ಕೂರಿಸಿದಿರಿ, ಯಾರ ಮುಖ ಯಾರ ಭುಜದ ಹಿಂದೆ ಹೋಯಿತು ಎಂಬುದರ ಮೇಲೆ ಆ ಮದುವೆ ಯಾರದ್ದು ಎಂದು ನೋಡಿದವರು ತೀರ್ಮಾನ ಮಾಡುತ್ತಾರೆ. ಹದಿನಾರು ಟ್ರ್ಯಾಕ್, ಅಂದರೆ ಬೇರೆ ಬೇರೆ ದನಿ ಹಿಡಿಯುವ ಹದಿನಾರು ಪಟ್ಟಿ ಇರುವ ಟೇಪಿನಲ್ಲಿ ಹದಿನಾರು ನೆಂಟರು ಇರುತ್ತಾರೆ; ಮಿಕ್ಸಿಂಗ್ ಎಂದರೆ ಅವರನ್ನು ಎರಡು ಸ್ಪೀಕರಿನ ಚೌಕಟ್ಟಿಗೆ ಹೊಂದಿಸಿ ನಿಲ್ಲಿಸುವುದು.

ಮೂವತ್ತು ವರ್ಷ ಇದೇ ಕೆಲಸ ಮಾಡಿ ಈಗ ಚಿಕ್ಕಮಗಳೂರಿಗೆ ಬಂದು ಕಾಫಿ ಗಿಡ ನೋಡಿಕೊಂಡಿರುವವನು ನಾನು. ಕ್ಯಾಸೆಟ್ ಕಾಲದಲ್ಲಿ ಒಮ್ಮೆ ಒಂದು ಭಕ್ತಿಗೀತೆ ಕ್ಯಾಸೆಟ್ ಮಿಕ್ಸ್ ಮಾಡಿದ್ದೆ. ಮೃದಂಗ ಕೇಳಿಸುವುದಿಲ್ಲ ಎಂದು ವಿದ್ವಾಂಸರು ಸಿಟ್ಟಾದರು. ಎರಡನೇ ಅಚ್ಚಿಗೆ ಮೃದಂಗ ಎತ್ತಿ ಕೊಳಲು ಇಳಿಸಿದೆ. ಕ್ಯಾಸೆಟ್ ಚೆನ್ನಾಗಿ ಮಾರಾಟವಾಯಿತು, ಒಬ್ಬರೂ ಚಕಾರ ಎತ್ತಲಿಲ್ಲ. ಆರು ತಿಂಗಳ ಮೇಲೆ ಕೊಳಲಿನವರ ತಾಯಿ ನನ್ನನ್ನು ಒಂದು ಮುಂಜಿಯಲ್ಲಿ ಹಿಡಿದು, ‘ನನ್ನ ಮಗ ಎಲ್ಲಿ ಹೋದ?’ ಎಂದು ಕೇಳಿದರು. ಆಮೇಲೆ ನಾನು ಮಿಕ್ಸ್ ಬಗ್ಗೆ ಯಾರಾದರೂ ತಕರಾರು ತೆಗೆದರೆ ಭ್ರಮೆ ಎನ್ನುವುದನ್ನು ಬಿಟ್ಟೆ.

ಈಗ ಒಬ್ಬೊಬ್ಬರ ಮಾತಿಗೆ ಬರೋಣ. ‘ನಕಲು’ ಎಂದವನದು ಹೊಸ ಆರೋಪವಲ್ಲ. ಆಲ್ಬಂ ಬಂದಾಗಲೇ ಇಂಗ್ಲೆಂಡಿನ ವಿಮರ್ಶಕರು ಇದನ್ನು ‘ಟ್ಯೂಬ್ಯುಲರ್ ಬೆಲ್ಸ್‌ನ ಮಗ’ ಎಂದು ಆಡಿಕೊಂಡಿದ್ದರು. ಹಾಗನ್ನಿಸಲು ಕಾರಣವೂ ಇತ್ತು. ಟ್ಯೂಬ್ಯುಲರ್ ಬೆಲ್ಸ್ ಬಂದದ್ದು 1973ರ ಮೇ 25ಕ್ಕೆ. ಓಲ್ಡ್‌ಫೀಲ್ಡ್‌ಗೆ ಇಪ್ಪತ್ತು ತುಂಬಿ ಹತ್ತು ದಿನ. ವರ್ಜಿನ್ ಹೊರತಂದ ಮೊತ್ತಮೊದಲ ಆಲ್ಬಂ ಅದೇ. ಇಪ್ಪತ್ತಕ್ಕೂ ಹೆಚ್ಚು ವಾದ್ಯವನ್ನು ಆ ಹುಡುಗ ತಾನೇ ನುಡಿಸಿ ಒಂದರ ಮೇಲೊಂದು ಪೇರಿಸಿದ್ದ. ಅದರ ಕಚ್ಚಾ ರೂಪವನ್ನು ಎರವಲು ತಂದ ಟೇಪ್ ರೆಕಾರ್ಡರಿನಲ್ಲಿ, ಅಳಿಸುವ ಹೆಡ್ಡಿಗೆ ಅಡ್ಡ ಕೊಟ್ಟು, ಹಳೆಯದು ಅಳಿಯದಂತೆ ಅದರ ಮೇಲೇ ನುಡಿಸುತ್ತಾ ಮನೆಯಲ್ಲೇ ಮಾಡಿಕೊಂಡಿದ್ದ. ಕಂಪನಿಯಿಂದ ಕಂಪನಿಗೆ ಅಲೆದು ಬೇಡ ಅನ್ನಿಸಿಕೊಂಡಿದ್ದ. ಮೊದಲ ಆಲ್ಬಂಗೆ ಹೀಗೆ ಹದಿಹರೆಯ ಪೂರ್ತಿ ಸಿಗುತ್ತದೆ. ಎರಡನೆಯದಕ್ಕೆ ಸಿಕ್ಕಿದ್ದು ಹದಿನೈದು ತಿಂಗಳು. ಅದೇ ಸ್ಟುಡಿಯೊ, ಟಾಮ್ ನ್ಯೂಮನ್ ಎಂಬ ಅದೇ ಜೊತೆಗಾರ, ಅದೇ ರೀತಿ ಬದಿಗೊಂದರಂತೆ ಎರಡು ಉದ್ದದ ತುಣುಕು. ಹೊರಗಿನಿಂದ ನೋಡಿದರೆ ನಕಲೇ.

ಆದರೆ ಒಳಗೆ? ಟ್ಯೂಬ್ಯುಲರ್ ಬೆಲ್ಸ್ ಶುರುವಾಗುವುದೇ ಹದಿನೈದು ಎಣಿಕೆಯ ಒಂದು ಪಿಯಾನೊ ಸುತ್ತಿನಿಂದ. ತಾಳ ಗೊತ್ತಿದ್ದವರು ಬೆರಳು ಮಡಿಸುತ್ತಾ ಎಲ್ಲಿ ತಪ್ಪಿತು ಎಂದು ಹುಡುಕುವಂಥ ಸುತ್ತು. ಗೊತ್ತಿಲ್ಲದವರಿಗೆ ತಲೆಯಿಂದ ಹೋಗದ ಗುಂಗು. ಅದನ್ನೇ 1973ರ ಕೊನೆಯಲ್ಲಿ ಬಂದ ‘ಎಕ್ಸಾರ್ಸಿಸ್ಟ್’ ಎಂಬ ದೆವ್ವದ ಸಿನಿಮಾ ಎತ್ತಿಕೊಂಡಿತು. ಅಲ್ಲಿಗೆ ಅರ್ಧ ಜಗತ್ತಿಗೆ ಆ ಸುತ್ತು ಎಂದರೆ ಬೆನ್ನಲ್ಲಿ ನಡುಕ ಎಂದಾಯಿತು. ಮೊದಲ ಬದಿಯ ಕೊನೆಯಲ್ಲಿ ಒಬ್ಬ ಸೂತ್ರಧಾರ ಬೇರೆ ಬಂದು, ವಾದ್ಯಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಎರಡನೇ ಬದಿಯಲ್ಲಿ ಡ್ರಮ್ಮಿನ ಜೊತೆ ಗುಹೆಯ ಮನುಷ್ಯನಂತೆ ಕಿರುಚಾಟ. ಕೇಳುವವರಿಗೆ ಹಿಡಿದುಕೊಳ್ಳಲು ಹತ್ತು ಹಿಡಿ ಇದೆ.

ಹರ್ಗೆಸ್ಟ್ ರಿಡ್ಜ್‌ನಲ್ಲಿ ಅಂಥ ಹಿಡಿ ಒಂದೂ ಇಲ್ಲ. ಆರ್ಗನ್ನಿನ ನಿಂತ ಸ್ವರದ ಮೇಲೆ ಒಂದು ಸಣ್ಣ ತಗಡಿನ ಕೊಳಲು ನಿಧಾನಕ್ಕೆ ಶುರುವಾಗುತ್ತದೆ. ಟ್ರಂಪೆಟ್ ಬರುತ್ತದೆ, ಶಹನಾಯಿ ಜಾತಿಯ ಓಬೊ ಬರುತ್ತದೆ. ಯಾರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಡ್ರಮ್ ಸೆಟ್ಟಿನ ಬಿಡದ ತಾಳ ಇಲ್ಲ. ಹೆಣ್ಣುಮಕ್ಕಳ ದನಿ ಇದೆ, ಹಾಡಿನ ಮಾತಿಲ್ಲ. ಅವರಲ್ಲೊಬ್ಬಳು ಅವನ ಅಕ್ಕ ಸ್ಯಾಲಿ. ಗಾಳಿವಾದ್ಯದವರಲ್ಲಿ ಅಣ್ಣ ಟೆರ್ರಿ. ಮೊದಲನೆಯದು ಜಾತ್ರೆಯಾದರೆ ಇದು ಜಾತ್ರೆಯಿಂದ ತಪ್ಪಿಸಿಕೊಂಡು ಬಂದವನ ಸಂಗೀತ, ಮತ್ತು ಅದು ಅಕ್ಷರಶಃ ನಿಜ. ಇದ್ದಕ್ಕಿದ್ದಂತೆ ಬಂದ ಹೆಸರಿಗೆ ಹೆದರಿ ಅವನು ಲಂಡನ್ ಕಡೆಯ ಗದ್ದಲ ಬಿಟ್ಟು ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯಲ್ಲಿರುವ ಕಿಂಗ್ಟನ್ ಎಂಬ ಸಣ್ಣ ಊರಿನ ಹತ್ತಿರ ಒಂದು ಮನೆ ಹಿಡಿದ. ಆ ಊರಿನ ಪಕ್ಕದಲ್ಲಿ ಉದ್ದಕ್ಕೆ ಮಲಗಿರುವ ಬೋಳುಗುಡ್ಡವೇ ಹರ್ಗೆಸ್ಟ್ ರಿಡ್ಜ್. ಎತ್ತರ 426 ಮೀಟರ್. ಮುಳ್ಳಯ್ಯನಗಿರಿ ನೋಡಿದ ನಮಗೆ ನಗು ಬರಬಹುದು. ನಮ್ಮ ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರಿನ ಮೇಲಿದೆ. ಆದರೆ ಆಲ್ಬಂ ಹೊದಿಕೆಯ ಮೇಲಿನ ಹುಲ್ಲು, ನಾಯಿ, ಬಯಲು ಆಕಾಶ ನೋಡಿ. ಬಾಬಾಬುಡನ್‌ಗಿರಿ ದಾರಿಯಲ್ಲಿ ಶೋಲೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಕಡೆ ನಿಂತು ಗಾಳಿಗೆ ಕಿವಿ ಕೊಟ್ಟವರಿಗೆ ಈ ಸಂಗೀತದ ಮೊದಲ ಐದು ನಿಮಿಷ ವಿವರಿಸಬೇಕಾಗಿಲ್ಲ.

ಕೇಳುಗರ ಅಭಿಪ್ರಾಯ ಆಗಲೇ ಎಷ್ಟು ಇಬ್ಬಂದಿಯಾಗಿತ್ತು ಎನ್ನುವುದಕ್ಕೆ ಆ ವರ್ಷದ ಮಾರಾಟದ ಪಟ್ಟಿಯೇ ಸಾಕ್ಷಿ. 1974ರ ಸೆಪ್ಟೆಂಬರಿನಲ್ಲಿ ಹರ್ಗೆಸ್ಟ್ ರಿಡ್ಜ್ ನೇರವಾಗಿ ಬ್ರಿಟನ್ನಿನ ಒಂದನೇ ಸ್ಥಾನಕ್ಕೆ ಹೋಯಿತು, ಮೂರು ವಾರ ನಿಂತಿತು. ಅದನ್ನು ಕೆಳಗಿಳಿಸಿದ್ದು ಯಾವುದು ಗೊತ್ತೇ? ಟ್ಯೂಬ್ಯುಲರ್ ಬೆಲ್ಸ್. ಬಂದು ಹದಿನಾರು ತಿಂಗಳಾಗಿದ್ದ ಹಳೇ ಆಲ್ಬಂ, ಅಲ್ಲಿಯವರೆಗೆ ಒಮ್ಮೆಯೂ ಒಂದನೇ ಸ್ಥಾನ ಮುಟ್ಟದಿದ್ದದ್ದು, ತಮ್ಮನನ್ನು ಎಬ್ಬಿಸಿ ತಾನು ಕೂತಿತು. ಜನ ಎರಡನೆಯದನ್ನು ಆಸೆಯಿಂದ ಕೊಂಡರು, ಕೊಂಡವರು ಮೊದಲನೆಯದನ್ನು ನೆನೆಸಿಕೊಂಡರು ಎಂದು ನಾನು ಓದಿಕೊಳ್ಳುತ್ತೇನೆ. ನಿಮ್ಮ ನಕಲು ಗೆಳೆಯನದೂ ಅದೇ ಪಾಡು. ಅವನು ಎರಡನೆಯದನ್ನು ಕೇಳುತ್ತಲೇ ಇಲ್ಲ, ಮೊದಲನೆಯದು ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದಾನೆ.

ನಿದ್ದೆ ಬಂದವನ ಮೇಲೆ ನನಗೆ ಸಿಟ್ಟಿಲ್ಲ. ಮಧ್ಯಾಹ್ನ ಊಟ ಮಾಡಿ ಬಂದಿರಬಹುದು. ಆದರೆ ಅವನು ಮೊದಲು ಫೋನಿನಲ್ಲಿ ಎಲ್ಲಿ ಕೇಳಿದ್ದ ಎಂದು ವಿಚಾರಿಸಿ. ಬಸ್ಸಿನಲ್ಲಿ, ಫೋನಿನ ಸ್ವಂತ ಸ್ಪೀಕರಿನಲ್ಲಿ ಎಂದಾದರೆ ಅವನು ಕೇಳಿದ್ದು ಅಸ್ಥಿಪಂಜರ ಮಾತ್ರ. ಆ ಪುಟ್ಟ ಸ್ಪೀಕರಿಗೆ ತಳದ ಸ್ವರ ಹೊರಡಿಸುವ ಶಕ್ತಿಯೇ ಇಲ್ಲ, ಮತ್ತು ಈ ಆಲ್ಬಂ ನಿಂತಿರುವುದು ತಳದ ಮೇಲೆ. ಮೆಲ್ಲಗಿನ ಕಡೆ ಎಂಜಿನ್ ಸದ್ದು ಮುಚ್ಚಿಬಿಡುತ್ತದೆ; ವಾಲ್ಯೂಮ್ ಏರಿಸಿದರೆ ಅಬ್ಬರದ ಕಡೆ ಕಿವಿ ಹರಿಯುತ್ತದೆ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೂ ಇದೇ ಗತಿ. ಸಕಲೇಶಪುರ ಕಡೆಯ ಒಬ್ಬರು ಜುಲೈ ತಿಂಗಳಲ್ಲಿ ಕೇಳಿ ‘ಮೊದಲ ಹತ್ತು ನಿಮಿಷ ಏನೂ ಇಲ್ಲ’ ಎಂದು ನನಗೆ ಹೇಳಿದ್ದರು. ಅವರಿಗೆ ನಿಜಕ್ಕೂ ಏನೂ ಕೇಳಿಸಿರಲಿಲ್ಲ.

ಇಲ್ಲಿ ಒಂದು ಹಳೆಯ ಗಾಳಿಮಾತನ್ನೂ ಎತ್ತಿ ಪಕ್ಕಕ್ಕಿಡುತ್ತೇನೆ. ಈ ಬಗೆಯ ನಿಧಾನದ, ಮರಳಿ ಮರಳಿ ಬರುವ ಸಂಗೀತ ಓಲ್ಡ್‌ಫೀಲ್ಡ್‌ಗೆ ಹಿಂದೂಸ್ತಾನಿಯಿಂದ ಬಂತು ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಅವನ ಮೇಲೆ ಅಮೆರಿಕದ ಟೆರ್ರಿ ರೈಲಿಯ 1969ರ ಆಲ್ಬಂನ ಪ್ರಭಾವ ಇದ್ದದ್ದು ಹೌದು. ರೈಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯನಾದದ್ದೂ ಹೌದು; ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಘರಾಣೆಯೇ ಅದು. ಆದರೆ ಅವನು ಶಿಷ್ಯನಾದದ್ದು 1970ರಲ್ಲಿ, ಓಲ್ಡ್‌ಫೀಲ್ಡ್ ಮರುಳಾದ ಆ ಆಲ್ಬಂ ಬಂದ ಮೇಲೆ. ಆ ಇಬ್ಬರ ಗುರು ಸವಾಯಿ ಗಂಧರ್ವರ ಊರು ಕುಂದಗೋಳದಿಂದ ಕಿಂಗ್ಟನ್‌ಗೆ ನೇರ ರಸ್ತೆ ಹಾಕಲು ಆಗುವುದಿಲ್ಲ.

‘ಬರೀ ಗದ್ದಲ’ ಎಂದವನ ವಿಷಯದಲ್ಲಿ ನನಗೆ ಅವನಿಗಿಂತ ನಿಮ್ಮ ಪ್ಲೇಟಿನ ಮೇಲೇ ಅನುಮಾನ. ಎರಡನೇ ಭಾಗದ ನಡುವಿನಲ್ಲಿ ಬರುವ ಆ ಜಾಗಕ್ಕೆ ಕೇಳುಗರು ಇಟ್ಟುಕೊಂಡಿರುವ ಹೆಸರು ‘ವಿದ್ಯುತ್ ಗುಡುಗುಮಳೆ’. ಒಂದೇ ಮನುಷ್ಯ ಎಲೆಕ್ಟ್ರಿಕ್ ಗಿಟಾರನ್ನು ಮತ್ತೆ ಮತ್ತೆ ತನ್ನ ಮೇಲೇ ನುಡಿಸಿ ಪೇರಿಸಿದ ರಾಶಿ ಅದು. ಸರಿಯಾಗಿ ಕೇಳಿಸಿದರೆ ಆ ರಾಶಿಯೊಳಗೆ ಸ್ಪಷ್ಟವಾದ ಸುತ್ತುಗಳು ಓಡುತ್ತಿರುತ್ತವೆ. ಸರಿಯಾಗಿ ಕೇಳಿಸದಿದ್ದರೆ ಅಕ್ಕಿ ಗಿರಣಿ. ಎಲ್‌ಪಿಯಲ್ಲಿ ಇದು ಕೆಡಲು ಒಂದು ಯಾಂತ್ರಿಕ ಕಾರಣ ಇದೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಒಂದೇ ಸಮನೆ ತಿರುಗಿದರೂ, ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೀರು ಓಡುತ್ತದೆ. ಒಳಗಿನ ಕೊನೆಗೆ ಬರುವಾಗ ಅದು ಕಾಲು ಮೀಟರಿಗೂ ಕಡಿಮೆ. ಅಷ್ಟೇ ಸಂಗೀತವನ್ನು ಅರ್ಧ ಜಾಗದಲ್ಲಿ ತುರುಕಿದಂತೆ. ಒಳಕ್ಕೆ ಹೋದಷ್ಟೂ ಜೋರಿನ ಭಾಗಗಳು ಚರಚರ ಅನ್ನುವುದು ಅದಕ್ಕೇ. ಈ ಗುಡುಗುಮಳೆ ಬರುವುದು ಬದಿಯ ನಡುವಿನಿಂದ ಒಳಕ್ಕೆ. ಮುಳ್ಳು ಸವೆದಿದ್ದರೆ, ಅಥವಾ ಸೂಟ್‌ಕೇಸಿನಂತೆ ಮಡಚುವ ಹಳೇ ಪ್ಲೇಯರಿನ ಭಾರದ ಮುಳ್ಳು ಈ ಪ್ಲೇಟಿನ ಮೇಲೆ ಹತ್ತು ವರ್ಷ ಓಡಾಡಿದ್ದರೆ, ಮೊದಲು ಸತ್ತಿರುವುದು ಈ ಜಾಗವೇ.

ಮೂಡಿಗೆರೆ ತೋಟದ ಮನೆ ಎಂದಿರಿ, ಅಂದಮೇಲೆ ಬೂಷ್ಟು ಹಿಡಿದಿರುತ್ತದೆ. ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬಿಡದ ಬೂಷ್ಟು ಪ್ಲೇಟಿಗೆ ಬಿಟ್ಟೀತೇ? ಹೊದಿಕೆಯ ಕಾಗದದಿಂದ ಶುರುವಾಗಿ ಗೀರಿನೊಳಗೆ ಇಳಿಯುತ್ತದೆ, ಮುಳ್ಳು ಅದನ್ನು ಉಳುತ್ತಾ ಹೋಗುತ್ತದೆ. ದಯವಿಟ್ಟು ತೊಳೆಯದೆ ಇನ್ನೊಮ್ಮೆ ಹಾಕಬೇಡಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೋಟ, ಪಾತ್ರೆ ತೊಳೆಯುವ ದ್ರವ ಒಂದು ಹನಿ, ನೂಲು ಬಿಡದ ಮೆತ್ತನೆ ಬಟ್ಟೆ. ಗೀರು ಹೋದ ದಿಕ್ಕಿನಲ್ಲೇ ಸುತ್ತಿಗೆ ಒರೆಸಿ, ಅಡ್ಡಡ್ಡ ಉಜ್ಜಬೇಡಿ, ನಡುವಿನ ಲೇಬಲ್ ಒದ್ದೆ ಮಾಡಬೇಡಿ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳವಾಗುತ್ತದೆ. ಒಳಗಿನ ಹಳೇ ಕಾಗದದ ಚೀಲ ಎಸೆದು ಹೊಸದು ಹಾಕಿ. ದೊಡ್ಡಪ್ಪನ ಕಪಾಟಿನಲ್ಲಿ ಅದಕ್ಕೂ ಹಳೆಯ, ಭಾರದ, ನಿಮಿಷಕ್ಕೆ 78 ಸುತ್ತಿನ ಪ್ಲೇಟುಗಳಿದ್ದರೆ ಅವುಗಳಿಗೆ ಸ್ಪಿರಿಟ್ ಮಾತ್ರ ತಾಗಿಸಬೇಡಿ. ಅವು ಅರಗಿನವು, ಕರಗುತ್ತವೆ.

ಇನ್ನು ‘ಇದೇ ಮೇಲು’ ಎಂದ ಹೆಣ್ಣುಮಗಳು. ನನ್ನ ಓಟು ಮುಕ್ಕಾಲುಪಾಲು ಅವರಿಗೆ. ಹರ್ಗೆಸ್ಟ್ ರಿಡ್ಜ್‌ನ ಮೊದಲ ಭಾಗ ಟ್ಯೂಬ್ಯುಲರ್ ಬೆಲ್ಸ್‌ನ ಎರಡನೆಯ ಬದಿಗಿಂತ ಎಲ್ಲ ರೀತಿಯಲ್ಲೂ ಗಟ್ಟಿ. ಅಲ್ಲಿ ತುಣುಕಿಗೆ ತುಣುಕು ಅಂಟಿಸಿದ್ದು ಕಾಣುತ್ತದೆ. ಇಲ್ಲಿ ಅಂಟು ಕಾಣುವುದಿಲ್ಲ, ಒಂದು ರಾಗಮಾಲಿಕೆಯ ಹಾಗೆ ಒಂದರ ಬಾಲ ಇನ್ನೊಂದರ ತಲೆಯಾಗುತ್ತದೆ. ಆದರೆ ಎರಡನೇ ಭಾಗಕ್ಕೆ ನಾನು ಅಷ್ಟು ಅಂಕ ಕೊಡಲಾರೆ. ಗುಡುಗುಮಳೆ ನಿಂತ ಮೇಲೆ ಅವನಿಗೆ ಎಲ್ಲಿಗೆ ಹೋಗಬೇಕು ಎಂದು ತಿಳಿಯಲಿಲ್ಲ ಅನ್ನಿಸುತ್ತದೆ. ಕೊನೆಯ ನಿಮಿಷಗಳು ಸುಮ್ಮನೆ ನಡೆದುಹೋಗುತ್ತವೆ. ಅವನು ಇದನ್ನು ಸರಿಪಡಿಸಿಕೊಂಡದ್ದು 1975ರ ಮೂರನೇ ಆಲ್ಬಂ ‘ಒಮ್ಮಡಾನ್’ನಲ್ಲಿ, ಆಫ್ರಿಕದ ಡೋಲುಗಳು ಸೇರಿಕೊಂಡ ಮೇಲೆ. ಮೂರರಲ್ಲಿ ನನಗೆ ಅದೇ ಮೇಲು. ತೋಟದವರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಕಾಫಿ ಗಿಡ ಹೂ ಬಿಡಿಸುವ ಹೂಮಳೆ, ‘ನಿಮ್ಮಲ್ಲಿ ಎಷ್ಟು ಸೆಂಟು ಮಳೆ ಬಂತು’ ಎಂದು ಊರೆಲ್ಲ ಫೋನು ಮಾಡಿ ವಿಚಾರಿಸುವಂಥದ್ದು. ಎರಡನೆಯದು ಹೂವಿನ ಬೆನ್ನಿಗೆ ಬಂದು ಕಾಯಿ ಕಟ್ಟಲು ನೆರವಾಗುವ ಬ್ಯಾಕಿಂಗ್ ಮಳೆ. ಕಾಯಿ ಕಚ್ಚಿದ್ದು ಮೂರನೆಯದರಲ್ಲಿ.

ಮಿಕ್ಸಿನ ವಿಷಯದಲ್ಲಿ ಓಲ್ಡ್‌ಫೀಲ್ಡ್‌ನ ಜೊತೆಗೇ ನನ್ನ ಭಿನ್ನಾಭಿಪ್ರಾಯ ಇದೆ. ಅವನು ಮೆಚ್ಚಿದ 1976ರದ್ದು ಶುಚಿ, ಗಾಳಿಯಾಡುತ್ತದೆ. ಹೆಚ್ಚು ಟ್ರ್ಯಾಕ್ ತೆರೆದಷ್ಟೂ ಟೇಪಿನ ಸುಯ್ ಸದ್ದು ಏರುತ್ತದೆ. ಒಂದರ ಬದಲು ಹದಿನಾರು ಒಟ್ಟಿಗೆ ತೆರೆದರೆ ಸುಮಾರು ಹನ್ನೆರಡು ಡೆಸಿಬೆಲ್. ಹಾಗಾಗಿ ಕೆಲವು ಟ್ರ್ಯಾಕ್ ಮುಚ್ಚಲು ಒಬ್ಬ ಮಿಕ್ಸಿಂಗ್ ಎಂಜಿನಿಯರಿಗೆ ಕೈ ತುರಿಸುವುದು ನನಗೆ ಅರ್ಥವಾಗುತ್ತದೆ. ಮೇಲಾಗಿ ಅದು ನಾಲ್ಕು ಸ್ಪೀಕರಿಗೆ ಹಂಚಿದ ಮಿಕ್ಸ್. ಹಿಂದಿನ ಎರಡನ್ನು ಮುಂದಿನ ಎರಡರೊಳಗೆ ಮಡಚಿದಾಗ ಯಾವುದು ಎಲ್ಲಿದೆ ಎನ್ನುವುದು ಸ್ವಲ್ಪ ಮಸುಕಾಗುತ್ತದೆ. ಮೂಲದ ಮಿಕ್ಸಿನಲ್ಲಿ ಗುಡ್ಡದ ಮೇಲೆ ಮಂಜು ಇದೆ. ನನಗೆ ಮಂಜೇ ಇಷ್ಟ. ಇದು ಅಭಿರುಚಿ, ನಿಮಗೆ ಸಿಡಿಯದ್ದು ಹಿಡಿಸಿದರೆ ನೀವು ಆಲ್ಬಂ ಮಾಡಿದವನ ಪಕ್ಷದಲ್ಲೇ ಇದ್ದೀರಿ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ನಿಮ್ಮ ತಂದೆಯವರ ಮಾತು. ರುದ್ರಪಟ್ಟಣದಂಥ ಊರಿರುವ ಜಿಲ್ಲೆಯವರು ಅವರು, ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ, ತಂಬೂರಿ ಆಕಾರದಲ್ಲೇ ಗುಡಿ ಕಟ್ಟಿಕೊಂಡ ಊರು. ಅವರ ಕಿವಿಯನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಶ್ರುತಿ ಎಂದದ್ದು ಸರಿ, ನಿಂತ ಸ್ವರವೇ ಈ ಆಲ್ಬಂನ ನೆಲ. ಆಲಾಪನೆ ಎಂದದ್ದನ್ನು ಮಾತ್ರ ಒಪ್ಪಲು ಕಷ್ಟ. ಆಲಾಪನೆಯಲ್ಲಿ ರಾಗ ಬೆಳೆಯುತ್ತದೆ, ಒಂದೊಂದೇ ಸ್ವರ ಸೇರಿಸಿಕೊಂಡು ಮೇಲಕ್ಕೆ ಹೋಗುತ್ತದೆ. ಇಲ್ಲಿ ಮಟ್ಟು ಇದ್ದಲ್ಲೇ ಇರುತ್ತದೆ, ನುಡಿಸುವ ಗಂಟಲು ಬದಲಾಗುತ್ತದೆ. ಕೊಳಲಿನಲ್ಲಿ ಬಂದದ್ದೇ ಟ್ರಂಪೆಟ್ಟಿನಲ್ಲಿ, ಮತ್ತೆ ಗಿಟಾರಿನಲ್ಲಿ, ಕೊನೆಗೆ ಹತ್ತು ದನಿಗಳಲ್ಲಿ. ಸಂಗತಿ ಎನ್ನೋಣವೆಂದರೆ ಸಂಗತಿಯಲ್ಲಿ ಸಾಲು ಅರಳಬೇಕು, ಇಲ್ಲಿ ಅದೂ ಇಲ್ಲ. ನಮ್ಮ ಕಚೇರಿಯಲ್ಲಿ ಇದಕ್ಕೆ ಹೆಸರಿಲ್ಲದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಬಣ್ಣ ಬರುವುದು ಸ್ವರದೊಳಗಿನ ಗಮಕದಿಂದ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದರಿಂದ. ಅವರಲ್ಲಿ ಸ್ವರ ಬೋಳು, ಬಣ್ಣವೆಲ್ಲ ವಾದ್ಯದ್ದು. ಗಮಕ ಹುಡುಕುವ ಕಿವಿಗೆ ಇಲ್ಲಿ ಏನೂ ಸಿಗುವುದಿಲ್ಲ, ಕೃತಿ ಹಾಡದೆ ಎದ್ದು ಹೋದ ಅನ್ನಿಸುವುದು ಸಹಜ.

ಆದರೂ ಒಂದು ಲೆಕ್ಕ ಕೂಡಲಿಲ್ಲ. ವಾದ್ಯ ಬದಲಾಗುವುದು ಅವರಂಥವರ ಗಮನಕ್ಕೆ ಬಾರದೆ, ಶ್ರುತಿಯೊಂದೇ ಮುಕ್ಕಾಲು ಗಂಟೆ ಕೇಳಿಸಿದ್ದು ಹೇಗೆ? ನಿಮ್ಮ ಪತ್ರ ಎರಡನೇ ಸಲ ಓದಿದಾಗ ಸಿಕ್ಕಿತು. ಅವರು ಕೂತದ್ದು ಹಿಂದೆ, ಬಾಗಿಲ ಪಕ್ಕದ ಮೂಲೆಯಲ್ಲಿ. ಕೋಣೆಯಲ್ಲಿ ತಳದ ಸ್ವರಗಳು ಗೋಡೆಗೆ ಬಡಿದು ಅಲ್ಲೇ ಒಟ್ಟಾಗುತ್ತವೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಇನ್ನೂ ಹೆಚ್ಚು. ಮುಂದೆ ಕೂತ ನಿಮಗೆ ಹಿನ್ನೆಲೆಯಲ್ಲಿ ಮೆಲ್ಲಗಿದ್ದ ಆರ್ಗನ್ ಅವರ ಕಿವಿಯಲ್ಲಿ ಎರಡರಷ್ಟಾಗಿ ತುಂಬಿಕೊಂಡಿತ್ತು. ಓಬೊ, ಸಣ್ಣ ಗಂಟೆ, ಮ್ಯಾಂಡೊಲಿನ್ ಇಂಥ ಮೇಲುಸ್ವರದ ವಾದ್ಯಗಳೋ, ನಿಮ್ಮ ಆರು ತಲೆ ದಾಟಿ, ಸೋಫಾ ಪರದೆಗಳಿಗೆ ಅರ್ಧ ಕೊಟ್ಟು, ಉಳಿದದ್ದು ಅವರಿಗೆ. ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ್ದಾರೆ.

ಮುಂದಿನ ಭಾನುವಾರ ಇನ್ನೊಮ್ಮೆ ಹಾಕಿ. ತೊಳೆದ ಎಲ್‌ಪಿಯ ಮೊದಲ ಬದಿ, ಅದರ ಬೆನ್ನಿಗೇ ಸಿಡಿಯ ಮೊದಲ ಭಾಗ, ಯಾವುದು ಯಾವುದೆಂದು ಗೆಳೆಯರಿಗೆ ಹೇಳದೆ. ಹಾಕುವ ಮುನ್ನ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಕೂದಲೆಳೆಯಷ್ಟು ಜೋರಿದ್ದರೂ ಜನ ಅದನ್ನೇ ಚೆನ್ನಾಗಿದೆ ಎನ್ನುತ್ತಾರೆ, ನಾನು ಸ್ಟುಡಿಯೊದಲ್ಲಿ ಎಷ್ಟೋ ಗಿರಾಕಿಗಳನ್ನು ಹಾಗೆಯೇ ಒಪ್ಪಿಸಿದ್ದೇನೆ. ತಂದೆಯವರ ಕುರ್ಚಿಯನ್ನು ಮೂಲೆಯಿಂದ ಎತ್ತಿ, ಎರಡು ಸ್ಪೀಕರಿಗೂ ಸಮ ದೂರದಲ್ಲಿ, ಎಲ್ಲರಿಗಿಂತ ಮುಂದೆ ಹಾಕಿ. ಅವರು ಏನಂದರು ಎಂದು ನನಗೆ ಬರೆಯಿರಿ.